ಷಡ್ಜವೂ ಗದ್ದಲವೂ

ಹೆಡ್‌ಫೋನ್ ಕೊಳ್ಳಲೆಂದು ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯನ್ನು ಹೊಕ್ಕವರಿಗೆ ದೊರೆಯುವ ಪರೀಕ್ಷೆ ಬಹುಮಟ್ಟಿಗೆ ಒಂದೇ ಬಗೆಯದು. ಮಾರುವ ಹುಡುಗ ತನ್ನ ಮೊಬೈಲಿನಿಂದ ತಮಟೆ ತುಂಬಿದ ಸಿನಿಮಾ ಹಾಡೊಂದನ್ನು ಜೋರಾಗಿ ಹಾಕಿ, ಗಿರಾಕಿಯ ಮುಖವನ್ನೇ ನೋಡುತ್ತ, "ಹೆಂಗಿದೆ ಸಾರ್ ಬೇಸು?" ಎಂದು ಕೇಳುತ್ತಾನೆ. ಎದೆಗೆ ಗುದ್ದುವ ಸದ್ದನ್ನು ಚೆನ್ನಾಗಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಆದರೆ ಆ ಗಳಿಗೆಯಲ್ಲಿ ತಿಳಿಯುವುದು ಹಾಡಿನ ಅಬ್ಬರವೇ ಹೊರತು ಯಂತ್ರದ ಗುಣವಲ್ಲ. ಹೊರಗಿನ ಸದ್ದನ್ನು ಅಡಗಿಸುವ ಈ ವೈರ್‌ಲೆಸ್ ಹೆಡ್‌ಫೋನುಗಳ ಯೋಗ್ಯತೆ ತಿಳಿಯಬೇಕಾದರೆ ಮೊದಲು ಹಾಡನ್ನು ನಿಲ್ಲಿಸಿ, ಅದನ್ನು ಸುಮ್ಮನೆ ತಲೆಗೇರಿಸಿಕೊಂಡು ಒಂದು ಗಂಟೆ ಪತ್ರಿಕೆ ಓದಬೇಕೆಂಬುದು ನನ್ನ ಪಕ್ಷ. ಅಂಗಡಿಯವನು ಇದಕ್ಕೆ ಒಪ್ಪಲಾರನಾದ್ದರಿಂದ, ಈಗಾಗಲೇ ಕೊಂಡಿರುವ ನೆಂಟರನ್ನೋ ನೆರೆಯವರನ್ನೋ ಹಿಡಿಯುವುದು ಲೇಸು.

ಆ ಒಂದು ಗಂಟೆಯಲ್ಲಿ ತಲೆಯೇ ತೀರ್ಪು ಹೇಳಿಬಿಡುತ್ತದೆ. ಕಿವಿಯನ್ನು ಪೂರ್ತಿಯಾಗಿ ಒಳಗೊಳ್ಳುವ ಹೆಡ್‌ಫೋನು ಸಾಮಾನ್ಯವಾಗಿ 250 ಗ್ರಾಂ ಆಸುಪಾಸು ತೂಗುತ್ತದೆ. ಲೋಹದ ಮೈಯಿನದಾದರೆ 380 ಗ್ರಾಂ ದಾಟುವುದೂ ಉಂಟು. ಕೈಯಲ್ಲಿ ಹಿಡಿದಾಗ ಗಣನೆಗೇ ಬಾರದ ಈ ತೂಕ ನೆತ್ತಿಯ ಒಂದೇ ಜಾಗದಲ್ಲಿ ಕುಳಿತಾಗ, ಅದರಲ್ಲಿಯೂ ನನ್ನಂತೆ ಅಲ್ಲಿ ಕೂದಲಿನ ಆಸರೆ ಇಲ್ಲದವರಿಗೆ, ಬೇಗನೆ ಗಣನೆಗೆ ಬರುತ್ತದೆ. ಪಟ್ಟಿಯ ಬಿಗಿ ಕಡಿಮೆಯಾದರೆ ತಲೆ ಬಗ್ಗಿಸಿದಾಗ ಜಾರುತ್ತದೆ, ಹೆಚ್ಚಾದರೆ ದವಡೆ ನೋಯುತ್ತದೆ. ಕನ್ನಡಕದವರ ಪಾಡು ಬೇರೆಯೇ. ಕುಶನ್ನಿನ ಕೆಳಗೆ ಸಿಕ್ಕಿಕೊಂಡ ಕನ್ನಡಕದ ಕಡ್ಡಿ ಕಿವಿಯ ಮೇಲ್ಗಡೆಯ ಎಲುಬನ್ನು ಒತ್ತುವುದು ಸಾಲದೆಂಬಂತೆ, ಕುಶನ್ನನ್ನು ಚರ್ಮದಿಂದ ತುಸುವೇ ಮೇಲಕ್ಕೆತ್ತಿರುತ್ತದೆ; ಆ ಸಂದಿನಲ್ಲಿ ಹೊರಗಿನ ಸದ್ದು ಒಳಗೆ ಬರುವುದಲ್ಲದೆ, ಒಳಗಿನ ಮಂದ್ರದ ನಾದವೂ ಸೋರಿಹೋಗುತ್ತದೆ. ಆದ್ದರಿಂದಲೇ ಆರಾಮಕ್ಕೆ ಇಷ್ಟು, ನಾದಕ್ಕೆ ಇಷ್ಟು ಎಂದು ಬೇರೆ ಬೇರೆಯಾಗಿ ಅಂಕ ಕೊಡುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನ್ನ ಶ್ರೀಮತಿ ಜುಮುಕಿ ಹಾಕಿಕೊಂಡ ದಿನ ಇದರ ಹತ್ತಿರ ಸುಳಿಯುವುದಿಲ್ಲ. ಮುಡಿಯಲ್ಲಿ ಮಲ್ಲಿಗೆಯಿದ್ದರಂತೂ ಪಟ್ಟಿಯನ್ನು ಎಲ್ಲಿ ಕೂರಿಸಬೇಕೆಂಬುದೇ ದೊಡ್ಡ ಪ್ರಶ್ನೆ. ಇದನ್ನು ರೂಪಿಸಿದವರ ಕಣ್ಣ ಮುಂದೆ ಇದ್ದ ತಲೆ ಮೈಸೂರಿನದಾಗಿರಲಿಲ್ಲ.

ಸದ್ದನ್ನು ಸದ್ದಿನಿಂದಲೇ ಅಡಗಿಸುವ ಉಪಾಯ ಹಳೆಯದು. ಪಾಲ್ ಲ್ಯೂಗ್ ಎಂಬ ಜರ್ಮನ್ ತಜ್ಞ 1936ರಲ್ಲಿಯೇ ಅದಕ್ಕೆ ಅಮೆರಿಕದ ಪೇಟೆಂಟ್ ಪಡೆದಿದ್ದ. ಬರುವ ಅಲೆಯ ಉಬ್ಬಿಗೆ ಸರಿಯಾಗಿ ತಗ್ಗನ್ನೂ ತಗ್ಗಿಗೆ ಸರಿಯಾಗಿ ಉಬ್ಬನ್ನೂ ಎದುರಿಟ್ಟರೆ ಎರಡೂ ಒಂದನ್ನೊಂದು ನುಂಗುತ್ತವೆ ಎಂಬುದೇ ಅದರ ತಿರುಳು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ವಿಮಾನದಲ್ಲಿ ಹೊರಟಿದ್ದ, ಬೋಸ್ ಎಂಬ ಸ್ಪೀಕರ್ ಕಂಪನಿಯ ಸ್ಥಾಪಕ ಅಮರ್ ಬೋಸ್, ಎಂಜಿನ್ನಿನ ಮೊರೆತದಲ್ಲಿ ಹೆಡ್‌ಫೋನಿನ ಸಂಗೀತ ಮುಳುಗಿಹೋದದ್ದರಿಂದ ಬೇಸತ್ತು, ಕುಳಿತಲ್ಲಿಯೇ ಲೆಕ್ಕ ಹಾಕತೊಡಗಿದರು. ವಿಮಾನ ನಡೆಸುವವರಿಗಾಗಿ ಅವರ ಕಂಪನಿಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ. ಎಂಜಿನ್ನಿನ ಕಾಟಕ್ಕಾಗಿ ಹುಟ್ಟಿದ್ದರಿಂದ ಒಂದೇ ಸಮನೆ ಮೊರೆಯುವ ತಗ್ಗು ದನಿಯೇ ಇಂದಿಗೂ ಇದಕ್ಕೆ ಸಲೀಸಾದ ಬೇಟೆ. 100 ಹರ್ಟ್ಸ್‌ನ ಅಲೆ ಮೂರು ಮೀಟರಿಗೂ ಉದ್ದವಿರುವುದರಿಂದ ಅದಕ್ಕೆ ಎದುರಲೆಯನ್ನು ಹೊಂದಿಸುವುದು ಸುಲಭ. ಕುಕ್ಕರಿನ ಸೀಟಿಯಂತಹ ಕೀರಲು ದನಿಯ ಅಲೆ ಒಂದು ಗೇಣೂ ಇರುವುದಿಲ್ಲವಾಗಿ, ಹೊಂದಿಕೆ ಒಂದಿಷ್ಟು ತಪ್ಪಿದರೂ ಕಳೆಯಬೇಕಾದದ್ದು ಕೂಡಿಕೊಳ್ಳುತ್ತದೆ. ಹೀಗಾಗಿ ಬೆಂಗಳೂರಿನ ರೈಲಿನಲ್ಲಿ ಗಾಲಿಗಳ ಗುಡುಗು ಅಡಗುತ್ತದೆ, ಮದ್ದೂರು ವಡೆಯವನ ಕೂಗು ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಇದನ್ನು ದೋಷವೆಂದು ಬರೆಯಲು ನನಗೆ ಮನಸ್ಸಾಗದು.

ನಮ್ಮ ಮಹಡಿಯ ಮೇಲೆ ವೀಣೆ ಕಲಿಸುವ ಹಿರಿಯರೊಬ್ಬರಿದ್ದಾರೆ. ಈ ಯಂತ್ರದ ವಿಚಾರ ಕೇಳಿದೊಡನೆ ಅವರು ಎತ್ತಿದ ಪ್ರಶ್ನೆ ಯಾವ ಅಂಗಡಿಯವನಿಗೂ ಹೊಳೆದಿರಲಾರದು. "ಅಲ್ಲಪ್ಪಾ, ಫ್ಯಾನೂ ಒಂದೇ ಸಮ ಗುಂಯ್ ಅನ್ನುತ್ತೆ, ತಂಬೂರಿನೂ ಒಂದೇ ಸಮ ಗುಂಯ್ ಅನ್ನುತ್ತೆ. ಯಾವುದು ಶ್ರುತಿ, ಯಾವುದು ಗದ್ದಲ ಅಂತ ಇದಕ್ಕೆ ಹೇಗಪ್ಪಾ ಗೊತ್ತಾಗಬೇಕು?" ಗೊತ್ತಾಗುವುದಿಲ್ಲ ಎಂಬುದೇ ಉತ್ತರ. ಸದ್ದನ್ನು ಆಲಿಸಲೆಂದು ಹೆಡ್‌ಫೋನಿನ ಹೊರಮೈಯಲ್ಲೂ ಕಿವಿಯ ಕಡೆಗೂ ಪುಟ್ಟ ಮೈಕುಗಳಿರುತ್ತವೆ. ಹೊರಗಿನ ಮೈಕಿಗೆ ಬಿದ್ದದ್ದೆಲ್ಲವೂ ಗದ್ದಲ. ಒಳಗಿನ ಮೈಕಿಗೆ ಹಾಡೂ ಕೇಳಿಸುವುದಾದರೂ, ತಾನೇ ನುಡಿಸುತ್ತಿರುವ ಹಾಡು ಯಾವುದೆಂಬುದು ಯಂತ್ರಕ್ಕೆ ಮೊದಲೇ ತಿಳಿದಿರುವುದರಿಂದ ಅದನ್ನು ಲೆಕ್ಕದಿಂದ ಬಿಟ್ಟು ಮಿಕ್ಕಿದ್ದನ್ನು ಅಡಗಿಸುತ್ತದೆ. ಬಾಯಿಮಾತು ಬೇಡವೆಂದು, ತಂಬೂರಿಯ ನಾದ ಹೊಮ್ಮಿಸುವ ಅವರ ಶ್ರುತಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಹೆಡ್‌ಫೋನನ್ನು ಅವರ ಕಿವಿಗೆ ಹಾಕಿ, ಗುಂಡಿ ಒತ್ತಿದೆ. ಮಂದ್ರ ಷಡ್ಜದ, ಎಂದರೆ ಕೆಳಗಿನ 'ಸ' ಸ್ವರದ, ತುಂಬು ನಾದ ಕುಗ್ಗಿ, ಅದರ ಮೇಲೆ ತೇಲುವ ಜೀವಾಳಿಯ (ತಂಬೂರಿಯ ತಂತಿಯಡಿ ಸಿಕ್ಕಿಸುವ ದಾರದ) ಝೇಂಕಾರವಷ್ಟೇ ತೆಳ್ಳಗೆ ಉಳಿಯಿತು. ಅವರು ಕಣ್ಣರಳಿಸಿ, "ಷಡ್ಜವನ್ನೇ ಗದ್ದಲ ಅಂದುಬಿಟ್ಟಿತಲ್ಲೋ ಇದು!" ಎಂದು ನಕ್ಕರು. ಸದ್ದಡಗಿಸುವ ಗುಣವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ: ಷಡ್ಜ ಎಷ್ಟು ಕುಗ್ಗಿತು, ಝೇಂಕಾರ ಎಷ್ಟು ಉಳಿಯಿತು ಎಂಬುದರಲ್ಲಿ ಯಂತ್ರದ ಸಾಮರ್ಥ್ಯವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಶಿಷ್ಯರ ಅಪಸ್ವರ ನಿಲ್ಲುತ್ತದೆಯೇ ಎಂದೂ ಅವರು ಆಸೆಯಿಂದ ವಿಚಾರಿಸಿದರು. ಅದಕ್ಕೆ ಯಾರ ಬಳಿಯೂ ಪೇಟೆಂಟ್ ಇಲ್ಲ.

ಇನ್ನು ನಾದದ ಮಾತು. ತಮಟೆಯ ಹಾಡಿನ ಬದಲು ವೀಣೆಯನ್ನು ಕೇಳಬೇಕು. ಮೀಟಿದ ಉಗುರು ತಂತಿಯನ್ನು ತಾಕುವ ಸಣ್ಣ ಕಿರ್ರೆಂಬ ಸದ್ದು, ಮೆಟ್ಟಿಲ ಮೇಲೆ ತಂತಿಯನ್ನು ಎಳೆದಾಗ ಸ್ವರ ಜಾರುವ ಬಗೆ, ಪಕ್ಕದ ತಾಳದ ತಂತಿಗಳ ಮಿಡಿತ, ಇವು ಬೇರೆ ಬೇರೆಯಾಗಿ ಕೇಳಿಸಬೇಕು. ಮೃದಂಗದ ಎಡದ ಗುಮಿಕಿ, ಎಂದರೆ ಎಡಗೈಯ ತಗ್ಗು ನಾದ, ಡೊಳ್ಳಿನ ಹಾಗೆ ಊದಿಕೊಂಡಿದ್ದರೆ ತಯಾರಕರು ಬೇಸನ್ನು ಬೇಕೆಂದೇ ಏರಿಸಿದ್ದಾರೆಂದು ತಿಳಿಯಬೇಕು. ಸದ್ದಡಗಿಸುವ ಗುಂಡಿಯನ್ನು ಒತ್ತಿಯೂ ಬಿಟ್ಟೂ ಅದೇ ಸಾಲನ್ನು ಕೇಳುವುದು ಒಳ್ಳೆಯದು, ಏಕೆಂದರೆ ಕೆಲವು ಹೆಡ್‌ಫೋನುಗಳ ದನಿಯೇ ಆಗ ಬದಲಾಗುತ್ತದೆ. ಬ್ಲೂಟೂತಿನ ಕೋಡೆಕ್ಕುಗಳ, ಎಂದರೆ ಹಾಡನ್ನು ಅಡಕಮಾಡಿ ಕಳಿಸುವ ವಿಧಾನಗಳ, ಚರ್ಚೆ ರೈಲಿನಲ್ಲಿ ಕುಳಿತು ಕೇಳುವವರಿಗೆ ಅಷ್ಟೇನೂ ಮುಖ್ಯವಲ್ಲ. ಹಳೆಯ ಧ್ವನಿಮುದ್ರಣಗಳಲ್ಲಿ ಇನ್ನೊಂದು ವಿಶೇಷ ಕಾಣುತ್ತದೆ. ದೊಡ್ಡ ಸಭೆಗೂ ಮೈಕಿಲ್ಲದೆ ಕೇಳಿಸಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದ ಟಿ. ಚೌಡಯ್ಯನವರ ಕಛೇರಿಯನ್ನು ಹಾಕಿದರೆ, ಹೊರಗಿನ ಗದ್ದಲ ಅಡಗಿದ ಮೌನದಲ್ಲಿ ಆ ಮುದ್ರಣದೊಳಗಿನ ಸರಸರ ಸದ್ದು ಎದ್ದು ಕೇಳಿಸುತ್ತದೆ. ಅದು ಹಾಡಿನ ಜೊತೆಗೇ ಬಂದದ್ದಾದ್ದರಿಂದ ಯಂತ್ರ ಅದರ ತಂಟೆಗೆ ಹೋಗುವುದಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಇದನ್ನು ಹಾಕಿಕೊಂಡು ನಡೆದರೆ ಗಾಳಿ ಮೈಕಿಗೆ ಬಡಿದು, ಇಲ್ಲದ ಗದ್ದಲವನ್ನು ಯಂತ್ರವೇ ಹುಟ್ಟಿಸುವುದುಂಟು. ಕಿವಿ ಮುಚ್ಚಿಕೊಂಡು ಕೋಡುಬಳೆ ತಿಂದರೆ ತಲೆಯೊಳಗೆ ಏಳುವ ಸದ್ದಿನ ಮುಂದೆ ಯಾವ ಕಛೇರಿಯೂ ನಿಲ್ಲದು. ಇವೆಲ್ಲವನ್ನೂ ಸಹಿಸಬಹುದು, ಏಪ್ರಿಲ್ ಸೆಕೆಗೆ ಕುಶನ್ನಿನೊಳಗೆ ಇಳಿಯುವ ಬೆವರನ್ನು ಸಹಿಸುವುದು ಕಷ್ಟ. ಮೇಲುಹೊದಿಕೆಯ ಕೃತಕ ಚರ್ಮ ಬೆವರಿಗೆ ಕ್ರಮೇಣ ಬಿರಿದು, ಕರಿಯ ಚೂರುಗಳಾಗಿ ಕೆನ್ನೆಗೆ ಅಂಟತೊಡಗುತ್ತದೆ. ಬಿರಿದ ಕುಶನ್ನು ಸದ್ದನ್ನೂ ಸರಿಯಾಗಿ ತಡೆಯುವುದಿಲ್ಲ. ಆದ್ದರಿಂದ ಕೊಳ್ಳುವ ಮುನ್ನ ಬೇಸಿನ ಬಗ್ಗೆ ಹುಡುಗ ಕೇಳುವ ಪ್ರಶ್ನೆಗೆ ಉತ್ತರಿಸದೆ, ಇದರ ಕುಶನ್ನು ಬಿಡಿಯಾಗಿ ಸಿಗುತ್ತದೆಯೇ, ಅದಕ್ಕೆಷ್ಟು ಎಂದು ನಾವೇ ಕೇಳುವುದು ವಾಸಿ. ನಾನು ಕೇಳಿದಾಗ ಹುಡುಗ ಒಳಗೆ ಹೋಗಿ ಮಾಲೀಕರನ್ನು ಕರೆತಂದ. ಅವರು ಹೊಸ ಮಾದರಿಯನ್ನು ತೋರಿಸಿದರು.