ನಳ ನಿಂತ ಮೇಲೆ ಪೈಪಿನೊಳಗೆ ಏನಾಗುತ್ತದೆ?

ಓಣಿಯಲ್ಲಿ ವಾಂತಿ-ಭೇದಿ ಶುರುವಾದರೆ ಮೊದಲು ಬೈಸಿಕೊಳ್ಳುವವರು ಗಿರ್ಮಿಟ್ ಗಾಡಿಯವರು. ನೆಲದೊಳಗಿನ ಪೈಪಿನ ಕಡೆ ಯಾರ ಲಕ್ಷ್ಯವೂ ಹೋಗುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ದಿನ ಬಿಟ್ಟು ದಿನ, ವಾರ ಬಿಟ್ಟು ವಾರ ನೀರು ಬರುವುದೇ ರೋಗ ಹರಡಲು ಒಂದು ದೊಡ್ಡ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೈನ್ ತುಂಬಿ ಹರಿಯುವಾಗ ಜಾಯಿಂಟ್ ಸಡಿಲವಿದ್ದರೂ ನೀರು ಹೊರಗೆ ಸೋರುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಬಂದ್ ಮಾಡಿದ ಮೇಲೆ ಪೈಪ್ ಬರಿದಾಗುತ್ತ ಒಳಗೆ ಎಳೆತ ಹುಟ್ಟುತ್ತದೆ. ಪಕ್ಕದ ಗಟಾರದ ನೀರು ಅದೇ ಸಂದಿಯಿಂದ ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಕೊಡಕ್ಕೆ ಮೊದಲು ಬೀಳುವುದು ಅದೇ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿದರೆ ಎಳೆತ ಇನ್ನೂ ಜಾಸ್ತಿ. ಇಡೀ ಓಣಿಗೆ ಮಾಡುವ ಅನ್ಯಾಯ ಅದು.

ನಮ್ಮ ಅವಳಿ ನಗರದಲ್ಲೇ ಇದನ್ನು ಅಳೆದು ನೋಡಿದ್ದಾರೆ. 24 ತಾಸು ನೀರು ಬರುವ ವಾರ್ಡುಗಳ ನಳದ ನೀರಿನ ಮಾದರಿಗಳಲ್ಲಿ ಇ. ಕೊಲೈ (ಮಲ ಬೆರೆತದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಸಿಕ್ಕಿದ್ದು ಶೇ. 0.7ರಲ್ಲಿ, ಬಿಟ್ಟುಬಿಟ್ಟು ಬರುವಲ್ಲಿ ಶೇ. 31.7ರಲ್ಲಿ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿರಂತರ ನೀರಿದ್ದ ಕಡೆ ಟೈಫಾಯ್ಡ್ ಕಂಡ ಮನೆಗಳು ಶೇ. 42ರಷ್ಟು ಕಡಿಮೆ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಕೈ, ನೊಣ, ಬಯಲು ಶೌಚ, ಇವೂ ದಾರಿಗಳೇ ತಾನೆ?

ಟೈಫಾಯ್ಡ್ ಜ್ವರ ಸಾಮಾನ್ಯವಾಗಿ ಕಾಣುವುದು ಸೋಂಕು ತಗುಲಿದ ಒಂದರಿಂದ ಮೂರು ವಾರಕ್ಕೆ. ಅಷ್ಟರಲ್ಲಿ ಪೈಪ್ ರಿಪೇರಿಯಾಗಿ ರಸ್ತೆಯೂ ಮುಚ್ಚಿರುತ್ತದೆ, ಸಂಬಂಧ ಯಾರಿಗೂ ಹೊಳೆಯುವುದಿಲ್ಲ.

ನೀರು ಬಾರದ ದಿನಗಳಿಗೆಂದು ಮನೆಯಲ್ಲಿ ತುಂಬಿಡುವ ಬ್ಯಾರಲ್‌ನಿಂದ ಡೆಂಗಿಯೂ ಬರುತ್ತದೆ. ನೀರು ಬರಲು ಎಂಟು ದಿನ ಬೇಕು, ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲೂ ಹೆಚ್ಚುಕಡಿಮೆ ಅಷ್ಟೇ ದಿನ. ಬ್ಯಾರಲ್ ಬರೀ ಬರಿದು ಮಾಡಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಬೇಕು.

ನೀರು ಬಂದ ಕೂಡಲೇ ಮೊದಲ ಹತ್ತು ಹದಿನೈದು ನಿಮಿಷದ್ದನ್ನು ಸಂಡಾಸಿಗೆ, ಅಂಗಳಕ್ಕೆ ಬಳಸಿ. ಕುಡಿಯುವುದನ್ನು ಕೊತಕೊತ ಕುದಿಸಿ ಮುಚ್ಚಿಡಿ. ಸಂಪಿನ ತಿಳಿ ನೀರಿಗಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ: ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ತಾಸು ಬಿಡಿ. ಬಾಯಿ ತೆರೆದಿಟ್ಟ ಹಳೇ ಪುಡಿಯಲ್ಲಿ ಸತ್ವ ಇರುವುದಿಲ್ಲ. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ ರಾಡಿಗೇ ಖರ್ಚಾಗುತ್ತದೆ.

ಪಾಲಿಕೆಯವರಲ್ಲಿ ಒಂದು ಕಳಕಳಿಯ ವಿನಂತಿ: ಕ್ಲೋರಿನ್ ಪರೀಕ್ಷೆಯನ್ನು ಟ್ಯಾಂಕಿನ ಬುಡದಲ್ಲಿ ಮಾಡಿ ಮುಗಿಸಬೇಡಿ. ಲೈನಿನ ಕಟ್ಟಕಡೆಯ ಮನೆಯ ನಳದಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯೇ ನೋಡಿ, ಆ ಅಂಕಿಯನ್ನು ವಾರ್ಡಿನ ಬೋರ್ಡಿನ ಮೇಲೆ ಬರೆಯಿರಿ.