ಜೋಗದಲ್ಲಿ ಮೇಷ್ಟ್ರ ನಲ್ಲಿ

‘ಮೂರು ದಿನ ಅಂಗಡಿಗೆ ರಜೆ’ ಎಂದು ಬರೆದು ಷಟರಿಗೆ ಅಂಟಿಸಿದ ಹಾಳೆಯ ಕೆಳಗೆ ನನ್ನ ಮೊಬೈಲ್ ನಂಬರನ್ನೂ ಬರೆದದ್ದು ಯಾವ ಕೆಟ್ಟ ಗಳಿಗೆಯಲ್ಲೋ, ನಿನ್ನೆ ರಾತ್ರಿ ಜೋಗದಿಂದ ತಿಪಟೂರಿಗೆ ಮರಳಿದ ಮೇಲೂ ಕಿವಿ ಗುಂಯ್‌ಗುಡುತ್ತಲೇ ಇದೆ. ಅದು ಜಲಪಾತದ ಸದ್ದಿನಿಂದಲ್ಲ.

ದಿನ ಗೊತ್ತು ಮಾಡಲು ನಾನು ಪಟ್ಟ ಪಾಡನ್ನು ಮದುವೆಯ ಮುಹೂರ್ತಕ್ಕೂ ಯಾರೂ ಪಟ್ಟಿರಲಾರರು. ಹಾರ್ಡ್‌ವೇರ್ ಅಂಗಡಿಗೆ ಬಿಡುವೆಂದರೆ ಆಷಾಢ. ಆಗ ಗೃಹಪ್ರವೇಶವಿಲ್ಲ, ಪಾಯ ಪೂಜೆಯಿಲ್ಲ. ಅದರಲ್ಲೂ 11ನೇ ತಾರೀಖಿಗೆ ಜಿಎಸ್‌ಟಿಯವರಿಗೆ ಮಾರಾಟದ ಲೆಕ್ಕ ಜಿಎಸ್‌ಟಿಆರ್-1 ಸಲ್ಲಿಸಬೇಕು, 20ಕ್ಕೆ ತೆರಿಗೆ ಕಟ್ಟುವ ಲೆಕ್ಕ 3ಬಿ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ನಡುವಿನ ದಿನಗಳಲ್ಲಿ ಪೈಪಿನ ಲೋಡು ಬರುವ ದಿನ, ಬಾಕಿ ವಸೂಲಿಯ ದಿನ ಕಳೆದರೆ ಉಳಿದದ್ದು ಮೂರೇ. ಕೆಲಸದ ಹುಡುಗನಿಗೆ ಅಂಗಡಿ ಒಪ್ಪಿಸಬಹುದಿತ್ತು. ಆದರೆ ಬಿಸ್ಕತ್ತಿನ ಡಬ್ಬದಲ್ಲಿ ಪೈಪು ತಿರುಗಿಸುವ ಎಲ್ಬೋ ಇದೆ, ‘ಎಲ್ಬೋ’ ಎಂದು ಬರೆದ ಡಬ್ಬದಲ್ಲಿ ಮೊಳೆ ಇದೆ ಎಂಬ ಗುಟ್ಟು ನನ್ನೊಬ್ಬನಿಗೇ ಗೊತ್ತು.

ನಮ್ಮ ಪೇಟೆಯಲ್ಲಿ ಹಗಲು ಹೊತ್ತು ಷಟರು ಇಳಿದಿದೆಯೆಂದರೆ ಆ ಮನೆಯಲ್ಲಿ ಸಾವಾಗಿದೆ ಎಂದೇ ಅರ್ಥ. ಹಾಳೆಯಲ್ಲಿ ನಂಬರನ್ನು ಮಾತ್ರ ಓದಿಕೊಂಡು, ನಾವು ಶಿವಮೊಗ್ಗ ದಾಟುವಷ್ಟರಲ್ಲಿ ನಾಲ್ವರು ‘ಯಾರು ಹೋದರು?’ ಎಂದು ವಿಚಾರಿಸಿದ್ದರು. ‘ನಾವೇ, ಜೋಗಕ್ಕೆ’ ಎಂದರೆ ಒಬ್ಬರಿಗೆ ನಿರಾಸೆಯೇ ಆದಂತಿತ್ತು.

ಐದನೆಯವರು ಮೇಷ್ಟ್ರು. ನಿವೃತ್ತರಾದ ಮೇಲೆ ಪ್ರತಿದಿನ ಹನ್ನೊಂದಕ್ಕೆ ಬಂದು, ನಮ್ಮ ಸ್ಟೂಲಿನ ಮೇಲೆ ಕುಳಿತು, ನಮ್ಮದೇ ಪೇಪರು ಓದಿ, ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ಕೊಳ್ಳುವವರು. ಅವರ ಹಿತ್ತಲಿನ ನಲ್ಲಿ ಸೋರುತ್ತಿತ್ತು. ಐದು ರೂಪಾಯಿಯ ವಾಷರನ್ನು ಎದುರಿನ ಅಂಗಡಿಯಲ್ಲಿ ತೆಗೆದುಕೊಳ್ಳಿ ಎಂದು ಕೈಮುಗಿದೆ. ‘ನಿಮ್ಮಪ್ಪ ಇದ್ದಾಗಿಂದ ಬೇರೆ ಅಂಗಡಿ ಮೆಟ್ಟಿಲು ಹತ್ತಿಲ್ಲ ಕಣಯ್ಯಾ’ ಎಂದರು. ಆಮೇಲೆ ಫೋಟೋಗಳು ಬರತೊಡಗಿದವು: ಮುಂದಿನಿಂದ ನಲ್ಲಿ, ಬದಿಯಿಂದ ನಲ್ಲಿ, ಕೆಳಗಿಟ್ಟ ಬಕೆಟ್ಟು.

ಆಷಾಢದ ಜೋಗದಲ್ಲಿ ನೀರೇನೋ ಇರುತ್ತದೆ, ಕಾಣುವುದಿಲ್ಲ. ಕೊಡೆ ಹಿಡಿದು ಒಂದು ಗಂಟೆ ಬಿಳಿ ಮಂಜನ್ನೇ ನೋಡುತ್ತ ನಿಂತಿದ್ದಾಗ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಹಿತ್ತಾಳೆಯ ನಲ್ಲಿ, ಅದರ ತುದಿಯಲ್ಲಿ ತೂಗಾಡುತ್ತಿದ್ದ ಒಂದು ಹನಿ. ಅದು ಬೀಳುವವರೆಗೆ ಇಬ್ಬರೂ ಸುಮ್ಮನಿದ್ದೆವು. ‘ನಿಮಿಷಕ್ಕೆ ನಲವತ್ತು, ಎಣಿಸಿದ್ದೀನಿ’ ಎಂದರು ಮೇಷ್ಟ್ರು. ಅರ್ಧ ಇಂಚೋ ಮುಕ್ಕಾಲೋ ಎಂದು ಕೇಳಿದ್ದೇ ತಪ್ಪಾಯಿತು. ಫೋನನ್ನು ಅಂಗಾತ ಮಲಗಿಸಿ ಅಡಿಕೋಲು ತರಲು ಹೋದರು. ಅವರ ಹಿತ್ತಲಿನ ಶೀಟಿನ ಮಾಡನ್ನು ನೋಡುತ್ತ ನಾನು ನಿಂತಿದ್ದಾಗಲೇ ಸುತ್ತಲಿನ ಜನ ಒಟ್ಟಿಗೆ ‘ಹೋ’ ಎಂದು ಕೂಗಿದರು. ಮಂಜು ಸರಿದು, ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಎತ್ತರದಿಂದ ಧುಮುಕುವುದು ಕಂಡಿತಂತೆ. ಅಷ್ಟರಲ್ಲಿ ‘ಅರ್ಧ ಇಂಚು!’ ಎಂಬ ಉದ್ಗಾರ ಕೇಳಿ, ಅದನ್ನು ಗುರುತು ಹಾಕಿಕೊಂಡು ತಲೆಯೆತ್ತಿದರೆ ಮತ್ತೆ ಬಿಳಿ ಗೋಡೆ.

‘ಮೇಷ್ಟ್ರೇ, ನಾನೀಗ ಜೋಗದಲ್ಲಿದ್ದೀನಿ’ ಎಂದು ಫೋನನ್ನು ಮಂಜಿನತ್ತ ತಿರುಗಿಸಿದೆ. ಅವರು ಕದಲಲಿಲ್ಲ. ‘1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅಷ್ಟು ದೊಡ್ಡ ಶರಾವತೀನೇ ನಿಲ್ಲಿಸಿದ್ದಾರೆ. ನಿನ್ನ ಕೈಲಿ ನನ್ನ ನಲ್ಲಿ ನಿಲ್ಲಿಸೋಕಾಗಲ್ಲವಾ?’

ಪೈಪಿನ ಕಂಪನಿಯವರು ಎಂದೋ ಕೊಟ್ಟ ಜೋಗದ ಕ್ಯಾಲೆಂಡರೊಂದನ್ನು, ವರ್ಷ ಕಳೆದರೂ ತೆಗೆಯದೆ, ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ್ದರು. ಮುಂದಿನ ಆಷಾಢಕ್ಕೆ ಹೋಗೋಣ ಎನ್ನುತ್ತಿದ್ದರು. ಆ ಗೋಡೆಯ ಮೇಲೆ ಈಗ ಅವರದೇ ಫೋಟೋ ಇದೆ. ಷಟರು ಇಳಿದು ಜನ ‘ಯಾರು ಹೋದರು?’ ಎಂದು ಕೇಳಿದ್ದು ಆ ಸಲ ಸರಿಯಾಗಿಯೇ ಇತ್ತು.

ಈ ಬೆಳಿಗ್ಗೆ ನಾನು ಷಟರು ಎತ್ತುವ ಮೊದಲೇ ಮೇಷ್ಟ್ರು ನಿಂತಿದ್ದರು. ವಾಷರನ್ನು ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು, ಸ್ಟೂಲಿನ ಮೇಲೆ ಕುಳಿತು, ‘ಜೋಗದ ಫೋಟೋ ತೋರಿಸಪ್ಪ’ ಎಂದರು. ಮೊಬೈಲ್ ತೆರೆದುಕೊಟ್ಟೆ. ಬೆರಳಿನಿಂದ ಸರಿಸುತ್ತ ಹೋದರು: ಮಂಜು, ಮಂಜು, ಅವರ ನಲ್ಲಿ, ಮಂಜು, ಅವರ ಬಕೆಟ್ಟು. ‘ಇದು ಚೆನ್ನಾಗಿ ಬಂದಿದೆ’ ಎಂದು ಬಕೆಟ್ಟನ್ನು ಹಿಗ್ಗಿಸಿ ನೋಡಿದರು.