ಕ್ಯೋಟೋ ಎರಡು ದಿನ ಅಂತ ದುಡ್ಡು ತಗೊಂಡು ಅಂಗಡಿ ತೋರಿಸಿದ್ರು

ಊರಿಗೆ ಬಂದು ಹತ್ತು ದಿನ ಆಯ್ತು, ಹೊಟ್ಟೆ ಉರಿ ಇನ್ನೂ ಆರಿಲ್ಲ.

ಅಮ್ಮನ್ನ ಗ್ರೂಪ್ ಟೂರಲ್ಲಿ ಜಪಾನ್‌ಗೆ ಕರ್ಕೊಂಡು ಹೋಗಿದ್ದೆ. ಟೋಕಿಯೋ, ಫ್ಯೂಜಿ ಎಲ್ಲ ಓಡೋಡಿ ಮುಗಿಸಿದ್ರೂ ಸುಮ್ಮನಿದ್ದೆ. ಕೊನೇ ಎರಡು ದಿನ ಪೂರ್ತಿ ಕ್ಯೋಟೋ ಅಂತ ಟೂರ್ ಕಂಪನಿಯವರೇ ಪ್ರಿಂಟ್ ಮಾಡಿ ಕೊಟ್ಟಿದ್ರಲ್ಲ. 794ರಿಂದ ಸಾವಿರ ವರ್ಷಕ್ಕೂ ಮಿಕ್ಕಿ ರಾಜಧಾನಿಯಾಗಿದ್ದ ಊರು ಅದು. ಎರಡು ದಿನವೇ ಕಮ್ಮಿ.

ಮೊದಲನೇ ದಿನ ಬಸ್ಸು ಊರು ಮುಟ್ಟಿದ್ದೇ ಹನ್ನೆರಡೂವರೆಗೆ. ಊಟಕ್ಕೆ ಇಂಡಿಯನ್ ಹೋಟೆಲೇ ಆಗ್ಬೇಕಂತೆ, ಅದಕ್ಕೆ ಊರಿನ ಆ ತುದಿಗೆ ಹೋಗ್ಬೇಕು. ಎಂಟನೇ ದಿನವೂ ಅದೇ ದಾಲು, ಅದೇ ಪನೀರು. ಅಲ್ಲೇ ಎರಡು ಗಂಟೆ ಹೋಯ್ತು. ಆಮೇಲೆ ಫುಶಿಮಿ ಇನಾರಿ ಗುಡಿ. 233 ಮೀಟರ್ ಎತ್ತರದ ಬೆಟ್ಟ, ದಾರಿಯುದ್ದಕ್ಕೂ ಸಾವಿರಾರು ಕೆಂಪು ತೋರಿ ಬಾಗಿಲುಗಳು. ಹತ್ತಿ ಇಳಿಯೋಕೆ ಎರಡು ಗಂಟೆಯಾದ್ರೂ ಬೇಕು. ನಮಗೆ ಕೊಟ್ಟಿದ್ದು ನಲವತ್ತು ನಿಮಿಷ, ಅದೂ ಟಾಯ್ಲೆಟ್ ಕ್ಯೂ ಸೇರಿಸಿ!

ಅಮ್ಮ ಒಂದು ಕಂಬದ ಮೇಲೆ ಕೈಯಿಟ್ಟು, ಹಿಂಬದಿಯ ಕಪ್ಪು ಅಕ್ಷರ ಏನೋ ಅಂತ ಕೇಳಿದ್ರು. ಬಾಗಿಲು ಮಾಡಿಸಿಕೊಟ್ಟವರ ಹೆಸರು, ತಾರೀಕು ಅಂದೆ. "ನಮ್ಮ ಕಡೆ ದೇವಸ್ಥಾನದ ಮೆಟ್ಟಿಲಿಗೆ ಕೆತ್ತಿಸ್ತಾರಲ್ಲ, ಹಂಗೇ!" ಅಂತ ಮುಖ ಅರಳಿತು. ಇನ್ನೊಂದು ಕಂಬ ನೋಡೋಷ್ಟರಲ್ಲಿ ಗೈಡ್ ಫೋನು, "ಸರ್, ನಿಮ್ಮಿಬ್ಬರಿಂದ ಎಲ್ಲರಿಗೂ ಲೇಟ್." ಅಮ್ಮ ಮಂಡಿ ಹಿಡ್ಕೊಂಡೇ ದಡದಡ ಇಳಿದ್ರು.

ಆ ಗುಡಿ ರಾತ್ರಿಯೂ ತೆರೆದಿರುತ್ತೆ, ಟಿಕೆಟ್ಟೂ ಇಲ್ಲ. ಕ್ಯೋಟೋ ಸ್ಟೇಷನ್ನಿಂದ ಎರಡೇ ಸ್ಟಾಪು. ಊಟ ಆದ್ಮೇಲೆ ನಾವೇ ಹೋಗಿ ಬರೋಣ ಅಂದ್ರೆ, ಹೋಟೆಲು ಹಾಕಿದ್ದು ಕ್ಯೋಟೋದಲ್ಲೇ ಅಲ್ಲ! ಒಸಾಕಾ ದಾಟಿ, ಏರ್‌ಪೋರ್ಟ್ ಪಕ್ಕ.

ಎರಡನೇ ದಿನ ಕಿಂಕಾಕುಜಿ, ಚಿನ್ನದ ಮಂಟಪ. ಫೋಟೋ ತೆಗೆಸಿ ಹೊರಡಿಸಿದ್ರು. ನಂತರ ಡ್ಯೂಟಿ ಫ್ರೀ ಅಂಗಡಿ, ಎರಡೂವರೆ ಗಂಟೆ. ಚಾಕು, ಮುಖಕ್ಕೆ ಹಚ್ಚೋ ಕ್ರೀಮು, ಮ್ಯಾಗ್ನೆಟ್ ಹಾಸಿಗೆ. ಬೇಡ ಅಂದವರು ಹೊರಗೆ ಕೂರೋಕೆ ಒಂದು ಬೆಂಚೂ ಇಲ್ಲ. ಅಲ್ಲಿಂದ ಸಂಜೂಸಾಂಗೆಂದೋ ಅನ್ನೋ ಬೌದ್ಧ ಗುಡಿ. ಬಸ್ಸು ನಿಲ್ಲಿಸಲೇ ಇಲ್ಲ. "ಎಡಗಡೆ ನೋಡಿ" ಅಂದ ಗೈಡು. ನೋಡಿದ್ರೆ ಕಾಂಪೌಂಡ್ ಗೋಡೆ. ಆ ಗೋಡೆಯ ಹಿಂದೆ ಕರುಣೆಯ ಬೋಧಿಸತ್ವ ಕನ್ನನ್‌ನ 1001 ಮೂರ್ತಿಗಳಿವೆ ಸ್ವಾಮಿ! ಅವುಗಳ ಮುಂದೆ ಕಾವಲಿಗೆ ನಮ್ಮ ಬ್ರಹ್ಮ, ನಮ್ಮ ಇಂದ್ರ, ಕೊಳಲೂದುವ ಗರುಡ. ಅಮ್ಮ ಆ ಗರುಡನ್ನ ನೋಡ್ಬೇಕು ಅಂತ ಬೆಂಗಳೂರಲ್ಲೇ ಹೇಳಿದ್ರು.

ವಾಪಸ್ ಬಂದು ಟೂರ್ ಆಫೀಸಿಗೆ ಬರೆದೆ. ಉತ್ತರ ಬಂತು: "ಪ್ರೋಗ್ರಾಂನಲ್ಲಿ ಡ್ರೈವ್ ಪಾಸ್ಟ್ ಅಂತ ಇದೆ, ದಯವಿಟ್ಟು ಗಮನಿಸಿ." ಹುಡುಕಿದೆ. ಕೊನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಇದೆ. ಅಂಗಡಿಯ ಎರಡೂವರೆ ಗಂಟೆ ಯಾವ ಪುಟದಲ್ಲಿದೆ ತೋರಿಸಿ ಅಂತ ಮತ್ತೆ ಬರೆದಿದ್ದೀನಿ. ಅದಕ್ಕೆ ಮಾತ್ರ ಉತ್ತರ ಇಲ್ಲ.